ಉಳಿದಿರುವ ರೂಕ್‌ಸ್ಟೈಲ್‌ಗಳು

ಮಾರ್ಚ್ 3, ಬೆಳಿಗ್ಗೆ 11

ಟೀ, ಟೋಸ್ಟ್, ಮಂಡಿನೋವು. ಟಾಸ್ಮೇನಿಯಾದಿಂದ ಕಾಗದ. ಅಲ್ಲಿದ್ದ, ನಮ್ಮ ಮನೆತನದ ಹೆಸರಿನ ಒಬ್ಬನೇ ರೂಕ್‌ಸ್ಟೈಲ್ ತೀರಿಕೊಂಡನಂತೆ. ಗೋಡೆಯ ನಕ್ಷೆಯಿಂದ ಅವನ ಗುಂಡುಸೂಜಿ ಕಿತ್ತೆ. 1881ರ ಜನಗಣತಿಯಲ್ಲಿ ನಾವು ಅರವತ್ನಾಲ್ಕು ಮಂದಿ— ಎಲ್ಲರೂ ಇಂಗ್ಲೆಂಡಿನ ಯಾರ್ಕ್‌ಶೈರಿನ ಇದೇ ಕಣಿವೆಯ ಮೂರು ಹಳ್ಳಿಗಳಲ್ಲಿ. ಈಗ ಭೂಮಿಯ ಮೇಲೆ ನಾಲ್ಕೇ ಮಂದಿ. ಹಲ್ ಪಟ್ಟಣದ ಇಬ್ಬರು ಮುದುಕಿಯರು, ನಾನು, ಸೊಸೆ ಜಾನಿಸ್. ಮಗ ನೀಲ್ ತೀರಿಹೋಗಿ ಆರು ವರ್ಷ... ಅವಳು ನನ್ನ ಜೊತೆಗೇ ಉಳಿದಳು.

ಮಾರ್ಚ್ 9, ಭಾನುವಾರ

ಊಟಕ್ಕೆ ಕೂತಾಗ ಜಾನಿಸ್ ಬಾಯಿಬಿಟ್ಟಳು.

“ಮಾವ, ಕ್ಲೈವ್ ಮದುವೆ ಆಗೋಣ ಅಂದ್ರು. ಹೂಂ ಅಂದೆ.”

ಪ್ಲಂಬರ್ ಕ್ಲೈವ್. ಕ್ಲೈವ್ ಸ್ಮಿತ್!

“ಸ್ಮಿತ್ ಆಗ್ತೀಯಾ? ಒಂದು ಕಲ್ಲು ಎಸೆದ್ರೆ ಹತ್ತು ಸ್ಮಿತ್‌ಗೆ ತಾಗತ್ತೆ ಕಣೇ!”

“ತಾಗ್ಲಿ ಬಿಡಿ. ಮದುವೆ ದಿನ ಚರ್ಚಲ್ಲಿ ಅಪ್ಪನ ಜಾಗದಲ್ಲಿ ನೀವೇ ನನ್ನ ಕೈಹಿಡಿದು ಕರ್ಕೊಂಡು ಹೋಗ್ಬೇಕು. ಅಪ್ಪ ಅಮ್ಮನ ಮುಖ ಕಂಡೋಳಲ್ಲ ನಾನು. ಇನ್ಯಾರಿದ್ದಾರೆ?”

“ಇಂಗ್ಲೆಂಡ್ ಗೆದ್ದ ನಾರ್ಮನ್ ದೊರೆ ಜೊತೆ ಕುದುರೆ ಏರಿ ಬಂದ ವಂಶದ ಹೆಸರು! ಅದನ್ನ ಬಿಟ್ಟುಹೋಗೋಳನ್ನ ನಾನ್ಯಾಕೆ ಕರ್ಕೊಂಡು ಹೋಗ್ಲಿ?” ಅಂದುಬಿಟ್ಟೆ.

ತಟ್ಟೆ ಎತ್ತಿಕೊಂಡು ಒಳಗೆ ಹೋದಳು. ನನ್ನ ಬಾಯಿಗಿಷ್ಟು ಬೆಂಕಿ ಹಾಕ.

ಮಾರ್ಚ್ 28

ಮೂರು ವಾರದಿಂದ ಮನೆಯಲ್ಲಿ ಬರೀ ಹೂಂ, ಉಹೂಂ.

ಇವತ್ತು ನಮ್ಮ ಪಾದ್ರಿ ಹ್ಯಾರಿಯೆಟ್ ಫೋನ್ ಮಾಡಿದರು. ಹಳೆಯ ನಾಮಕರಣದ ಪುಸ್ತಕದಲ್ಲಿ ಮೊದಲ ರೂಕ್‌ಸ್ಟೈಲ್ ಸಿಕ್ಕಿದ್ದಾನಂತೆ. ಮಂಡಿನೋವು ಮರೆತು ಚರ್ಚಿಗೆ ಓಡಿದೆ. 1743. “ಕಾಗೆಗಳ ತೋಪಿನ ಬಳಿ, ಗೋಡೆ ದಾಟುವ ಮೆಟ್ಟಿಲ ಮೇಲೆ ಸಿಕ್ಕ ಕೂಸು. ಹೆತ್ತವರು ಗೊತ್ತಿಲ್ಲ.” ರೂಕ್ ಅಂದರೆ ಕಾಗೆ, ಸ್ಟೈಲ್ ಅಂದರೆ ಮೆಟ್ಟಿಲು. ಅಷ್ಟೇ. ಕುರುಬನೊಬ್ಬ ಎತ್ತಿಕೊಂಡು ಹೋದ, ಹೆಸರು ಊರವರು ಇಟ್ಟರು. ದೊರೆಯೂ ಇಲ್ಲ, ಕುದುರೆಯೂ ಇಲ್ಲ! ಐವತ್ತು ವರ್ಷ ಪಬ್ಬಿನಲ್ಲಿ ಕೊಚ್ಚಿಕೊಂಡಿದ್ದೆಲ್ಲ ನೀರುಪಾಲು.

ಜಾನಿಸ್‌ಗೆ ಹೇಳಿದೆ. ನಗುತ್ತಾಳೆ ಅಂದುಕೊಂಡಿದ್ದೆ. ಅತ್ತಳು.

“ಯಾರೋ ಒಬ್ರು ಎತ್ಕೊಂಡ್ರಲ್ಲ ಮಾವ, ಅಷ್ಟು ಸಾಕು.”

ನಾನೂ ತಡೆದುಕೊಳ್ಳಲಿಲ್ಲ. “ಸ್ಮಿತ್ ಆದ್ರೂ ಆಗು, ಇನ್ನೇನಾದ್ರೂ ಆಗು. ಸಂಕಟ ಹೆಸರಿಗಲ್ಲ ಕಣೇ. ನೀನು ಹೋಗ್ತೀಯಲ್ಲ, ಅದಕ್ಕೆ. ನಾನೇ ಕರ್ಕೊಂಡು ಹೋಗ್ತೀನಿ.”

ಮೇ 16

ಚರ್ಚಿನಲ್ಲಿ ನಾಳೆಯ ಮದುವೆಯ ರಿಹರ್ಸಲ್. ಹ್ಯಾರಿಯೆಟ್ ಕೇಳಿದರು: “ಈಕೆಯನ್ನು ಕೊಡುವವರು ಯಾರು?”

“ಕೊಡಲ್ಲ. ಕಡ ಕೊಡ್ತೀನಿ” ಅಂದೆ.

“ಕಡ ತಗೊಂಡಿದ್ದು ವಾಪಸ್ ಕೊಟ್ಟ ಅಭ್ಯಾಸವೇ ಇಲ್ಲ ನಂಗೆ!” ಅಂದ ಕ್ಲೈವ್. ಒಳ್ಳೆಯವನೇ, ಹಾಳಾದವನು.

ಮೇ 17, ಬೆಳಿಗ್ಗೆ 10.40

ಕೋಟು ಹಾಕಿಯಾಯಿತು. ಟೈ ಮೂರು ಸಲ ಕಟ್ಟಿ ಬಿಚ್ಚಿದೆ. ಕೆಳಗಿನಿಂದ ಜಾನಿಸ್ ಕೂಗಿದಳು. ಇಪ್ಪತ್ತೆರಡು ವರ್ಷದಿಂದ ಮಾವ, ಮಾವ ಅಂದವಳು ಇವತ್ತು— “ಅಪ್ಪಾ, ಕಾರು ಬಂತು!”

ಕೇಳಿಸದವನ ಹಾಗೆ ಕೂತಿದ್ದೇನೆ. ಇನ್ನೊಂದು ಸಲ ಅಪ್ಪಾ ಅಂತ ಕರೆಯಲಿ, ಆಮೇಲೆ ಇಳಿಯುತ್ತೇನೆ.