ಕೇಸರಿಬಾತ್ ಹಂಚಿ ಹೋದ ಅತ್ತೆಗೆ

ಪ್ರೀತಿಯ ಅತ್ತೆ,

ನೀವು ಫೋನ್ ಎತ್ತುತ್ತಿಲ್ಲ. ನಾನೂ ನಿಮ್ಮಷ್ಟೇ ಹಟಮಾರಿ. ಅದಕ್ಕೇ ಈ ಪತ್ರವನ್ನು ನಿಮ್ಮ ಮಗ ಶಿವಕುಮಾರನ ಕೈಯಲ್ಲಿ ಸೋಗಾನೆಗೆ ಕಳಿಸುತ್ತಿದ್ದೇನೆ. ಅಲ್ಲಿ ಏರ್‌ಪೋರ್ಟ್ ಪಕ್ಕದ ಮಗಳ ಮನೆಯ ತಾರಸಿಯಲ್ಲಿ ಕೂತು ವಿಮಾನ ನೋಡಿದ್ದು ಸಾಕು. ಓದಿ, ಹೊರಡಿ.

ಆ ದಿನ ನೆನೆದರೆ ಈಗಲೂ ನಗು ಬರುತ್ತದೆ. ಬಚ್ಚಲಿನ ಕಿಟಕಿಯಲ್ಲಿ ನಾನಿಟ್ಟಿದ್ದ ಟೆಸ್ಟ್ ಪಟ್ಟಿಯಲ್ಲಿ ಎರಡು ಗೆರೆ ಕಂಡಿರಿ. ಎರಡು ಗೆರೆ ಎಂದರೆ ಬಸಿರು ಎಂದು ಧಾರಾವಾಹಿಗಳಲ್ಲಿ ನೋಡಿದ್ದಿರಲ್ಲ, ಸಾಕಾಯಿತು. ನಾನು ಶಾಲೆಯಲ್ಲಿ ಪಾಠ ಮುಗಿಸಿ ಬರುವಷ್ಟರಲ್ಲಿ ಭದ್ರಾವತಿ ನ್ಯೂ ಟೌನಿನ ನಮ್ಮ ಕ್ವಾರ್ಟರ್ಸ್ ಸಾಲಿಗೆಲ್ಲ ಕೇಸರಿಬಾತ್ ಹಂಚಿಯಾಗಿತ್ತು. ಪಕ್ಕದ ಮನೆಯ ಮೀರಕ್ಕ ಗೇಟಿನಲ್ಲೇ ತಡೆದು, "ಏನ್ ಮಾರಾಯ್ತಿ, ನಮಗೊಂದ್ ಮಾತು ಹೇಳ್ಬಾರ್ದಾ?" ಎಂದರು. ಒಳಗೆ ನೀವು ಹಸಿರು ಬಳೆ ಹಿಡಿದು ನಿಂತಿದ್ದಿರಿ. "ಅದು ಬಸಿರಿನ ಪಟ್ಟಿ ಅಲ್ಲ ಅತ್ತೆ" ಎಂದಾಗ ನಿಮ್ಮ ಮುಖ ಬಾಡಿಹೋಯಿತು. "ಊರಿಗೆಲ್ಲ ಹೇಳ್ಬಿಟ್ನಲ್ಲೇ, ಇನ್ ಹೆಂಗೆ ಮುಖ ತೋರ್ಸ್ಲಿ" ಎಂದು ಮರುದಿನವೇ ಬಸ್ ಹತ್ತಿದಿರಿ.

ಈಗ ಕೇಳಿ. ನನ್ನಲ್ಲಿ ಅಂಡಗಳಿಗೇನೂ ಬರವಿಲ್ಲ. ಹಾರ್ಮೋನು ಏರುಪೇರಾಗಿ ಒಂದೂ ಪೂರ್ತಿ ಬೆಳೆದು ಹೊರಗೆ ಬರುತ್ತಿರಲಿಲ್ಲ, ಅಷ್ಟೆ. ಶಿವಮೊಗ್ಗದ ಡಾಕ್ಟರ್ ತನುಜಾ ಕೊಟ್ಟ ಮಾತ್ರೆ ಅದನ್ನು ಬೆಳೆಸಲಿಕ್ಕೆ. ಬೆಳೆದ ಮೇಲೆ ಎಲ್‌ಎಚ್ ಎಂಬ ಹಾರ್ಮೋನು ಒಮ್ಮೆಲೇ ಏರಿ, ಇನ್ನು ಹೊರಡು ಎಂದು ಅಂಡಕ್ಕೆ ಹೇಳುತ್ತದೆ. ಆ ಏರಿಕೆಯನ್ನು ತೋರಿಸುವ ಪಟ್ಟಿ ಅದು. ಇಷ್ಟು ತಿಂಗಳೂ ಎರಡನೆಯ ಗೆರೆ ಮಸುಕಾಗಿಯೇ ಬರುತ್ತಿತ್ತು. ನೀವು ನೋಡಿದ ದಿನ ಮೊದಲ ಸಲ ಗಾಢವಾಗಿತ್ತು.

ಪಟ್ಟಿಯೊಂದನ್ನೇ ನಂಬಬಾರದಂತೆ. ಅದಕ್ಕೇ ವಾರ ಬಿಟ್ಟು ರಕ್ತ ಕೊಟ್ಟು ಬಂದೆ. ಅಂಡ ನಿಜವಾಗಿ ಹೊರಬಂದಿದ್ದರೆ ಪ್ರೊಜೆಸ್ಟರಾನ್ ಎಂಬ ಇನ್ನೊಂದು ಹಾರ್ಮೋನು ಏರಿರಬೇಕು. ನಿನ್ನೆ ರಿಪೋರ್ಟ್ ನೋಡಿ ಡಾಕ್ಟರ್ ತನುಜಾ ನಕ್ಕರು. "ಈ ಸಲ ಎಗ್ ರಿಲೀಸ್ ಆಗಿದೆ ಕಣಮ್ಮ!" ಮದುವೆಯಾದಾಗಿನಿಂದ ನಾನು ಈ ಮಾತು ಕೇಳಿದ್ದು ಇದೇ ಮೊದಲು. ಭದ್ರಾವತಿ ಬರುವವರೆಗೂ ಬಸ್ಸಿನಲ್ಲಿ ಕಣ್ಣೊರೆಸಿಕೊಳ್ಳುತ್ತಲೇ ಇದ್ದೆ. ಈ ಸುದ್ದಿಗೆ ಸಿಹಿ ಹಂಚಲೇಬೇಕು ಅಂದುಕೊಂಡೆ. ಆಮೇಲೆ ನೆನಪಾಯಿತು, ನೀವಾಗಲೇ ಹಂಚಿಬಿಟ್ಟಿದ್ದೀರಿ!

ಹಾಗಾಗಿ ನಾಚಿಕೆ ಬಿಡಿ. ಬಸಿರು ನಿಂತಿದೆಯೋ ಇಲ್ಲವೋ ಬರುವ ವಾರ ಗೊತ್ತಾಗುತ್ತದೆ. ಅದಕ್ಕೆ ಬೇರೆಯೇ ಪಟ್ಟಿ. ಅದರಲ್ಲಿ ಎರಡು ಗೆರೆ ಬಂದರೆ ನೀವು ತಿಳಿದದ್ದೇ ಅರ್ಥ. ಒಬ್ಬಳೇ ನೋಡಲು ನನಗೆ ಭಯ ಅತ್ತೆ. ನಿಮ್ಮ ಮಗನೋ, ಸೂಜಿ ಕಂಡರೇ ಬೆವರುವ ಆಸಾಮಿ. ನೀವು ಪಕ್ಕದಲ್ಲಿರಬೇಕು. ಎರಡು ಬಂದರೆ ಸಾಲಿಗೆಲ್ಲ ಮತ್ತೆ ಹಂಚೋಣ. ಒಂದೇ ಬಂದರೂ ರವೆ ಹುರಿಯಿರಿ, ಬಾಗಿಲು ಹಾಕಿಕೊಂಡು ನಾವಿಬ್ಬರೇ ತಿನ್ನೋಣ.

ನಿಮ್ಮ ಮಗ ಬೈಕಿನ ಹತ್ತಿರ ಕಾಯುತ್ತಿದ್ದಾನೆ. ಅವನ ಕೈಯಲ್ಲಿ ಉತ್ತರ ಕಳಿಸಬೇಡಿ, ನೀವೇ ಬನ್ನಿ. ಕಾಲಿಗೆ ಬೀಳುತ್ತೇನೆ, ಆಶೀರ್ವಾದ ಮನೆಗೆ ಬಂದೇ ಮಾಡಿ.

ಇಂತಿ ನಿಮ್ಮ ತಲೆಹರಟೆ ಸೊಸೆ,
ಇಂಪನಾ