ಕೆಂಪು ಬಳಿದ ಮೈಲುಗಲ್ಲು

ಮುಂಡಾಜೆ
೧೨-೧-೨೦೦೪

ನಮ್ಮ ರಸ್ತೆಯನ್ನು ಅಗಲ ಮಾಡಿಸುತ್ತಿರುವ ಇಂಜಿನಿಯರರಿಗೆ ನಮಸ್ಕಾರ.

ನಾನು ನಿವೃತ್ತ ಡ್ರಾಯಿಂಗ್ ಟೀಚರ್. ಮೆಲ್ಕಾರಿನ ಬಟ್ಟೆ ವ್ಯಾಪಾರಿ ಅಬ್ದುಲ್ ನಾಸಿರ್ ಮತ್ತು ನಾನು ಆರು ವರ್ಷಗಳಿಂದ ಪ್ರತಿ ಭಾನುವಾರ ಚಾರ್ಮಾಡಿಯ ಹಳೆಯ ಮೋಟಾರು ರಸ್ತೆಯ ಗುರುತುಗಳನ್ನು ಹುಡುಕುತ್ತಿದ್ದೆವು. ಅವರ ಅಜ್ಜ ಆ ರಸ್ತೆಯ ಮೊದಲ ಬಸ್ಸಿನಲ್ಲಿ ಕ್ಲೀನರ್ ಆಗಿದ್ದವರು. ಪೊದೆಗಳ ನಡುವೆ ಐದು ಮೈಲುಗಲ್ಲುಗಳು ಸಿಕ್ಕಿದವು. ಮತ್ತೆ ಕಳೆದುಹೋಗಬಾರದೆಂದು ನಾನೇ ಒಂದೊಂದರ ತಲೆಗೂ ಕೆಂಪು ಬಣ್ಣ ಬಳಿದೆ.

ಕಳೆದ ತಿಂಗಳು ಹೋಗಿ ನೋಡಿದರೆ ಏಳನೇ ಮೈಲಿನ ಕಲ್ಲು ಜಲ್ಲಿಯಾಗಿತ್ತು. ನಿಮ್ಮ ಮೇಸ್ತ್ರಿಯನ್ನು ಕೇಳಿದೆ. "ಕೆಂಪು ಹಾಕಿದ್ದನ್ನೆಲ್ಲ ತೆಗೀಲಿಕ್ಕೆ ಉಂಟಲ್ಲ ಟೀಚರ್. ಕಡಿಯುವ ಮರಕ್ಕೂ ನಾವು ಹಾಗೇ ಹಾಕುವುದು" ಎಂದರು. ಅವರ ಮೇಲೆ ಸಿಟ್ಟು ಮಾಡಲೂ ಆಗಲಿಲ್ಲ.

ಆ ಕಲ್ಲಿನ ಹಿಂಬದಿಯಲ್ಲಿ ನಾಸಿರರ ಅಜ್ಜ ತಮ್ಮ ಹೆಸರು ಕೆತ್ತಿದ್ದರು. ನಾಸಿರ್ ನನ್ನನ್ನು ಬೈಯಲಿಲ್ಲ. "ಬಿಡಿ ಟೀಚರ್, ನಾವೇ ತೋರಿಸಿಕೊಟ್ಟದ್ದಲ್ವಾ" ಎಂದರು. ಆಮೇಲೆ ಯಾವ ಭಾನುವಾರವೂ ಬಂದಿಲ್ಲ.

ಉಳಿದ ನಾಲ್ಕು ಕಲ್ಲುಗಳನ್ನು ಮುಟ್ಟಬಾರದೆಂದು ದಯವಿಟ್ಟು ನಿಮ್ಮ ಕೆಲಸದವರಿಗೆ ಹೇಳಿ. ಸೀಮೆಎಣ್ಣೆ ಹಾಕಿ, ತೆಂಗಿನ ನಾರಿನಲ್ಲಿ ಮೂರು ದಿನ ಉಜ್ಜಿದ್ದೇನೆ. ಬಣ್ಣ ಹೋಗುತ್ತಿಲ್ಲ. ಹತ್ತು ಮಳೆಗಾಲ ಕಳೆದರೂ ಹೋಗದಂಥದ್ದೇ ಬೇಕೆಂದು ಉಜಿರೆಯ ಅಂಗಡಿಯಲ್ಲಿ ಕೇಳಿ ತಂದವಳು ನಾನೇ.

ನಿಮ್ಮ ಉತ್ತರಕ್ಕೆ ಕಾದಿರುವ,
ನೀಲಾವತಿ ಟೀಚರ್