ಎ. ದೇವರಾಜು ಎಂಬುವರ ಮಗಳು

ಮೈಲೂರ, ಬೀದರ
ತಾ. ೨೩-೬-೧೯೫೭, ರವಿವಾರ

ಸುಂದ್ರಿಯ ಅಪ್ಪನವರಿಗೆ,

ಗುರಮ್ಮಳ ಶರಣು. ಹೇಗಿದ್ದೀರಿ? ಹೋದ ಕಾಗದದಲ್ಲಿ ಹೊಟ್ಟೆನೋವು ಎಂದು ಬರೆದಿದ್ದಿರಿ, ಈಗ ಕಡಿಮೆಯಾಗಿದೆಯೋ ಇಲ್ಲವೋ? ತುಮಕೂರಿನ ಖಾನಾವಳಿಯಲ್ಲಿ ಮುದ್ದೆಯನ್ನು ಅಗಿಯದೆ ನುಂಗಬೇಕು ಎಂಬುದನ್ನು ಓದಿ ಸುಂದ್ರಿ ಹೊಟ್ಟೆ ಹಿಡಿದುಕೊಂಡು ನಕ್ಕಳು. ನನಗೆ ನಗು ಬರಲಿಲ್ಲ. ಹುಟ್ಟಿದಾಗಿನಿಂದ ಜೋಳದ ರೊಟ್ಟಿ ಅಗಿದವರು ಒಮ್ಮೆಲೇ ನುಂಗಲು ಕುಳಿತರೆ ಹೊಟ್ಟೆ ನೋಯದೆ ಇನ್ನೇನಾದೀತು? ಜೀರಿಗೆ ಕುದಿಸಿದ ನೀರು ಕುಡಿಯಿರಿ. ಕಚೇರಿಯಲ್ಲಿ ಹೊಸ ಮಂದಿ ನಿಮ್ಮ ಮಾತು ಕೇಳಿ ನಗುತ್ತಾರೆ ಎಂದೂ ಬರೆದಿದ್ದಿರಿ. ನಗಲಿ ಬಿಡಿ. ಇಲ್ಲಿ ನಾವಿಬ್ಬರೂ ಮೈಯಿಂದ ನೆಟ್ಟಗಿದ್ದೇವೆ. ತಲೆ ಮಾತ್ರ ನನ್ನದು ಒಂದು ವಾರದಿಂದ ಕೆಟ್ಟು ಕೂತಿದೆ. ಯಾಕೆ ಎಂದು ಸಾವಕಾಶವಾಗಿ ಬರೆಯಬೇಕೆಂದಿದ್ದೆ, ಆದರೆ ಸಾವಕಾಶ ನನ್ನ ಕೈಯಲ್ಲಿ ಉಳಿದಿಲ್ಲ.

ಸುಂದ್ರಿಗೆ ಶಾಲೆಯಲ್ಲಿ ಜಾಗ ಕೊಡಲಿಲ್ಲ. ಹೌದು, ನೀವು ಓದಿದ್ದು ಸರಿಯಾಗಿಯೇ ಇದೆ. ಔರಾದದಲ್ಲಿ ಹೆಣ್ಣುಮಕ್ಕಳಿಗೆ ನಾಲ್ಕನೆಯ ಇಯತ್ತೆಯ ಮುಂದೆ ಶಾಲೆ ಇಲ್ಲವೆಂದು, ನಿಮಗೆ ವರ್ಗವಾದಾಗ ನಮ್ಮನ್ನು ಅಲ್ಲಿ ಬಿಡದೆ ಮೈಲೂರಿನ ಈ ಖೋಲಿಯಲ್ಲಿ ತಂದು ಇಟ್ಟು ಹೋದಿರಲ್ಲ, ಯಾವ ಐದನೆಯ ಇಯತ್ತೆಗಾಗಿ ಇಷ್ಟೆಲ್ಲ ಮಾಡಿದೆವೋ ಅದರ ಪಟ್ಟಿಯಲ್ಲಿ ನಮ್ಮ ಹುಡುಗಿಯ ಹೆಸರಿನ ಮೇಲೆ ಕೆಂಪು ಗೆರೆ ಎಳೆದಿದ್ದಾರೆ. ನಾಲ್ಕನೆಯದರಲ್ಲಿ ಔರಾದಕ್ಕೇ ಮೊದಲು ಬಂದ ಹುಡುಗಿ! ಗೋಡೆಗೆ ಅಂಟಿಸಿದ ಕಾಗದದ ಮುಂದೆ ನಿಂತು ಅವಳೇ ಓದಿದಳು, "ತಂದೆಯ ಹೆಸರು ಹೊಂದದ ಕಾರಣ ನಿರಾಕರಿಸಿದೆ." ಆಮೇಲೆ ನನ್ನ ಮುಖ ನೋಡಿ, "ಅವ್ವಾ, ಅಪ್ಪನ ಹೆಸರ್ನಾಗ ಏನ್ ತಪ್ಪದ?" ಎಂದು ಕೇಳಿದಳು.

ಆದದ್ದನ್ನು ಮೊದಲಿನಿಂದ ಹೇಳುತ್ತೇನೆ, ಸಿಟ್ಟು ಮಾಡಿಕೊಳ್ಳದೆ ಓದಿರಿ. ಸಿಟ್ಟು ಮಾಡಿಕೊಳ್ಳುವ ಸರದಿ ನನ್ನದು. ಫಾರ್ಮು ತುಂಬುವ ದಿನ ಸುಂದ್ರಿ ಭಾಲ್ಕಿಯಲ್ಲಿ ನನ್ನ ತವರಿನಲ್ಲಿದ್ದಳು, ಮಾವಿನಹಣ್ಣು ಮುಗಿಯದೆ ಅವಳನ್ನು ಕಳಿಸುವುದಿಲ್ಲ ಎಂದು ಹಾವಗೆಪ್ಪಣ್ಣ ಹಟ ಹಿಡಿದಿದ್ದ. ನಾನೊಬ್ಬಳೇ ಹೋದೆ. ಮೇಜಿನ ಹಿಂದೆ ಮೈಸೂರಿನ ಕಡೆಯಿಂದ ಹೊಸದಾಗಿ ಬಂದ ಒಬ್ಬ ಗುಮಾಸ್ತ. ಎಳೆಯ ವಯಸ್ಸು, ಹಣೆಯ ತುಂಬ ಬೆವರು. ಫಾರ್ಮು ಪೂರ್ತಿ ಇಂಗ್ಲಿಷಿನಲ್ಲಿ. ನಾನು ತುಂಬುತ್ತೇನೆ ಎಂದು ಕೈ ಚಾಚಿದರೆ, "ಇರಲಿ ಬಿಡಿಮ್ಮಾ, ನಾನೇ ಬರ್ಕೋತೀನಿ, ಕೊನೇಲಿ ಹೆಬ್ಬೆಟ್ಟು ಒತ್ತಿದ್ರೆ ಸಾಕು," ಎಂದ. ಹೆಬ್ಬೆಟ್ಟಂತೆ! ಉರ್ದು ಬಿಟ್ಟು ಬೇರೆ ಅಕ್ಷರ ಕಲಿಸುವವರೇ ಸಿಗದ ಕಾಲದಲ್ಲಿ ಭಾಲ್ಕಿಯ ಮಠದಲ್ಲಿ ಕೂತು ಕನ್ನಡ ತಿದ್ದಿದವಳು ನಾನು. ನುಂಗಿಕೊಂಡು ಕೇಳಿದ್ದಕ್ಕೆಲ್ಲ ಹೇಳುತ್ತ ಹೋದೆ. ಮಗಳ ಹೆಸರು, ಊರು, ವಯಸ್ಸು ಎಲ್ಲ ಆಯಿತು. ಆಮೇಲೆ, "ಯಜಮಾನ್ರ ಹೆಸರೇನಮ್ಮಾ?" ಎಂದ. ಹೊಲದ ಯಜಮಾನನೋ ಮನೆಯ ಯಜಮಾನನೋ ಎಂದು ನನಗೆ ಮೊದಲು ತಿಳಿಯಲೇ ಇಲ್ಲ. ತಿಳಿದ ಮೇಲೆ ಬಾಯಿ ಕಟ್ಟಿತು.

ಗಂಡನ ಹೆಸರನ್ನು ನಾನು ಹೇಗೆ ಬಾಯಿಂದ ತೆಗೆಯಲಿ? ಲಕೋಟೆಯ ಮೇಲೆ ಪ್ರತಿ ಸಲ ಬರೆಯುತ್ತೇನೆ, ಅದಕ್ಕೆ ಅಡ್ಡಿಯಿಲ್ಲ. ಬರೆಯುವಾಗಲೂ ತುಟಿ ಬಿಗಿ ಹಿಡಿದಿರುತ್ತೇನೆ, ಅದು ನಿಮಗೆ ಗೊತ್ತಿರಲಿಕ್ಕಿಲ್ಲ. ಹಿಂದೆ ಹತ್ತು ಮಂದಿ ನಿಂತಿದ್ದರು. ಗುಮಾಸ್ತ, "ಬೇಗ ಹೇಳೀಮ್ಮಾ," ಎಂದು ಅವಸರ ಮಾಡಿದ. ನಮ್ಮ ಕಡೆ ಎಲ್ಲ ಹೆಂಗಸರೂ ಹೇಳುವಂತೆ ನಾನೂ ಹೇಳಿದೆ, "ಔರಾದ ದೇವರ್ದು ಅದರಿ." ಔರಾದದ ಗುಡಿಯ ದೇವರ ಹೆಸರೇ ಅವರದು ಎಂದು ಅರ್ಥ. ಬೀದರ ಜಿಲ್ಲೆಯ ಯಾವ ಮುನ್ಷಿಯಾದರೂ ಅಷ್ಟರಿಂದಲೇ ಸರಿಯಾಗಿ ಬರೆದುಕೊಳ್ಳುತ್ತಿದ್ದ. ಇವನೂ ತಲೆ ಆಡಿಸಿ ಸರಸರನೆ ಬರೆದ. ನಾನು ಕನ್ನಡದಲ್ಲಿ ಸಹಿ ಮಾಡಿದೆ. ಅವನು ಸಹಿ ನೋಡಿ, ನನ್ನನ್ನು ನೋಡಿ, ಹೆಬ್ಬೆಟ್ಟಿನ ಮಸಿಯ ಡಬ್ಬಿಯನ್ನು ಪಕ್ಕಕ್ಕೆ ಸರಿಸಿದ. ನಾನೂ ಅಲ್ಲಿಂದ ಹೊರಡುವಾಗ ಸ್ವಲ್ಪ ಜಂಬದಿಂದಲೇ ಹೊರಟೆ, ಸುಳ್ಳು ಯಾಕೆ ಹೇಳಲಿ.

ಕೆಂಪು ಗೆರೆ ಕಂಡ ದಿನ ನೇರವಾಗಿ ಹೆಡ್‌ಮಾಸ್ತರಬಾಯಿಯ ಹತ್ತಿರ ಹೋದೆ. ಲಲಿತಾಬಾಯಿ ಎಂದು ಅವರ ಹೆಸರು, ನಮ್ಮ ಕಡೆಯವರೇ. ಫಾರ್ಮು ತೆಗೆದು ಓದಿದರು, "ಸುಂದರಬಾಯಿ, ಎ. ದೇವರಾಜು ಎಂಬುವರ ಮಗಳು." ಯಾವ ದೇವರಾಜು? ನಮ್ಮ ಮನೆತನದಲ್ಲಿ ಆ ಹೆಸರಿನವರು ಯಾರೂ ಹುಟ್ಟಿಲ್ಲ. ನಾನು ಹೇಳಿದ್ದನ್ನು ಹೇಳಿದಂತೆಯೇ ಇನ್ನೊಮ್ಮೆ ಹೇಳಿಸಿಕೊಂಡು ಅವರು ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಕ್ಕರು. "ಅವರ ಕಡಿ ಊರಿನ ಮೊದಲ್ನೇ ಅಕ್ಷರ ಹೆಸರಿನ ಮುಂದ ಹಚ್ಚತಾರ್ರಿ. ಔರಾದಕ್ಕ ಎ ಹಚ್ಯಾನ, ದೇವರ್ದು ಅಂದಿದ್ದಕ್ಕ ದೇವರಾಜು ಮಾಡ್ಯಾನ." ಅವನ ಊರಿನಲ್ಲಿ ಮನೆಗೊಬ್ಬ ದೇವರಾಜು ಇದ್ದಾನಂತೆ. ಔರಾದದ ಶಾಲೆ ಬಿಟ್ಟ ಸರ್ಟಿಫಿಕೇಟು ಉರ್ದುವಿನಲ್ಲಿದೆ, ಅದರಲ್ಲಿ ನಿಮ್ಮ ಹೆಸರು ಸರಿಯಾಗಿದೆ. ಎರಡನ್ನೂ ಅಕ್ಕಪಕ್ಕ ಇಟ್ಟು ನೋಡಿದವರು ಹೊಂದುವುದಿಲ್ಲ ಎಂದು ಗೆರೆ ಎಳೆದರು. ತಿದ್ದಿ ಕೊಡಿ ಎಂದೆ. ಸಹಿ ಆದ ಫಾರ್ಮನ್ನು ತಿದ್ದುವ ಅಧಿಕಾರ ನನಗಿಲ್ಲ, ಶಾಲೆಗಳ ಇನ್‌ಸ್ಪೆಕ್ಟರ್ ಸಾಹೇಬರಿಗೆ ಅರ್ಜಿ ಕೊಡಬೇಕು, ಬುಧವಾರದ ತನಕ ಒಂದು ಜಾಗ ಹಿಡಿದು ಇಡುತ್ತೇನೆ, ಆಮೇಲೆ ಬೇರೆಯವರಿಗೆ ಕೊಡಲೇಬೇಕಾಗುತ್ತದೆ ಎಂದರು.

ನಿನ್ನೆ ಅರ್ಜಿ ತೆಗೆದುಕೊಂಡು ಸಾಹೇಬರ ಕಚೇರಿಗೆ ಹೋದೆ. ಎರಡು ಪುಟ, ನನ್ನದೇ ಅಕ್ಷರ, ಒಂದು ಅಕ್ಷರಕ್ಕೂ ಕಾಟು ಹಾಕಿಲ್ಲ, ನಿಮ್ಮ ಹೆಸರು ದುಂಡಗೆ ಬರೆದಿದ್ದೆ. ಹತ್ತು ಗಂಟೆಗೆ ಹೋದವಳನ್ನು ಮೂರು ಗಂಟೆಯ ತನಕ ಕಟ್ಟೆಯ ಮೇಲೆ ಕೂರಿಸಿದರು. ಒಬ್ಬರು ಉರ್ದುವಿನಲ್ಲಿ ಬೇಕು ಎಂದರು, ಇನ್ನೊಬ್ಬರು ಉರ್ದುವಿನ ಕಾಲ ಮುಗಿಯಿತು ಇಂಗ್ಲಿಷಿನಲ್ಲಿ ಬೇಕು ಎಂದರು. ಕನ್ನಡ ರಾಜ್ಯ ಬಂತು, ಪೇಢೆ ಹಂಚಿದರು, ಕನ್ನಡದಲ್ಲಿ ಬರೆದ ಅರ್ಜಿಯನ್ನು ಮಾತ್ರ ಯಾರೂ ಕೈಯಲ್ಲಿ ಹಿಡಿಯುವುದಿಲ್ಲ! ಕೊನೆಗೆ ಅಲ್ಲಿಯ ಕಾರಕೂನ ಅದನ್ನು ಓದಿ, ಎಲ್ಲರಿಗೂ ಕೇಳುವಂತೆ ಅಂದ, "ಮೊನ್ನಿ ಒಂದು ಹೆಸರು, ಇವತ್ತ ಒಂದು ಹೆಸರು. ಹುಡಗಿಗಿ ಅಪ್ಪಂದಿರು ಎಷ್ಟು ಮಂದಿರಿ ಬಾಯಿ?" ಅವನು ಮೈಸೂರಿನವನಲ್ಲ, ನಮ್ಮ ಊರಿನವನೇ, ನಮ್ಮ ಮಾತೇ ಆಡುವವನು. ಸುಂದ್ರಿ ಪಕ್ಕದಲ್ಲಿಯೇ ನಿಂತಿದ್ದಳು, ಅದಕ್ಕಾಗಿ ತಡೆದುಕೊಂಡೆ. ಇಲ್ಲದಿದ್ದರೆ ಅವನ ಮಸಿಯ ದೌತಿ ಅವನ ತಲೆಯ ಮೇಲೆ ಇರುತ್ತಿತ್ತು.

ಸಾಹೇಬರು ಒಳಗಿನಿಂದ ಕರೆದರು. ಕೆಟ್ಟ ಮನುಷ್ಯನಲ್ಲ, ಆದರೆ ಕಾಯದೆ ಬಿಟ್ಟು ಕದಲುವವರಲ್ಲ. ಹುಡುಗಿಯೇ ಹೇಳಲಿ ಎಂದರೆ ಮೈನರಳ ಮಾತು ನಡೆಯುವುದಿಲ್ಲ. ನೀವು ಬರೆದು ಕಳಿಸುವ ಹೊತ್ತಿಗೆ ಬುಧವಾರ ದಾಟಿ ಹೋಗಿರುತ್ತದೆ. ನಾನು ಇಲ್ಲಿಯೇ ಬರೆದು ಸಹಿ ಮಾಡುತ್ತೇನೆ ಎಂದೆ. "ಬರದದ್ದು ಬ್ಯಾಡ್ರಿ, ಬರದದ್ದೇ ಗೊಂದಲ ಆಗ್ಯಾದ. ಫಾರ್ಮಿಗಿ ಸಹಿ ಮಾಡಿದವರೇ ಬುಧವಾರ ಹನ್ನೊಂದಕ್ಕ ಬಂದು, ಪ್ರಮಾಣ ಮಾಡಿ, ಬಾಯಿಲೆ ಪೂರ್ತಿ ಹೆಸರು ಹೇಳ್ರಿ. ಗುರುತಿನವರೊಬ್ಬರನ್ನ ಕರಕೊಂಡು ಬರ್ರಿ," ಎಂದರು. ಪೂರ್ತಿ ಹೆಸರು ಎಂದರೆ ನಿಮ್ಮದರ ಜೊತೆಗೆ ಮಾವನವರದೂ ಸೇರಿತು. ಒಂದಕ್ಕೇ ನಾನು ಸಾಯುತ್ತಿದ್ದೇನೆ.

ಸರ್ಟಿಫಿಕೇಟು ಬರೆದ ಫಕ್ರೋದ್ದೀನ ಮುನ್ಷಿಗೆ ನಿನ್ನೆ ಸಂಜೆಯೇ ಎಲ್ಲ ಹೇಳಿ ಕಳಿಸಿದ್ದೆ, ಇವತ್ತು ಮುಂಜಾನೆಯ ಬಸ್ಸಿಗೆ ಔರಾದದಿಂದ ಬಂದಿದ್ದರು ಪಾಪ, ಈ ವಯಸ್ಸಿನಲ್ಲಿ. ಬುಧವಾರ ಸಾಕ್ಷಿಗೆ ಬರುತ್ತಾರಂತೆ. "ಬೇಟಿ, ಹೆಸರು ನಾ ಹೇಳ್ತೇನಿ, ನೀ ಬರೇ ಗೋಣ ಹಾಕು," ಎಂದರು. ಅದು ನಡೆಯುವುದಿಲ್ಲ ಎಂದಾಗ ಅವರು ಗಡ್ಡ ನೀವಿಕೊಂಡರು. ಅವರ ಕೈಯಲ್ಲಿ ಅತ್ತೆ ಹೇಳಿ ಕಳಿಸಿದ್ದನ್ನೂ ಬರೆಯುತ್ತೇನೆ, ನಿಮ್ಮ ತಾಯಿ ಎಂದು ನೀವು ಬೇಜಾರಾಗಬೇಡಿ. "ಆಕಿ ಹೆಸರು ತಗೊಂಡ್ಳಂದ್ರ ನನ್ನ ಮಗನ ಆಯುಷ್ಯ ತಗೊಂಡಂಗ. ಹುಡಗಿ ಸಾಲಿ ಕಲತು ತಹಸೀಲ್ದಾರ ಆಗಬೇಕಾಗ್ಯಾದೇನು? ಮನಿಗಿ ಕರಕೊಂಡು ಬಾ ಅನ್ರಿ." ಮನೆಗೆ ಕರೆದುಕೊಂಡು ಹೋದರೆ ಏನಾಗುತ್ತದೆ ಎಂದು ನನಗೂ ಗೊತ್ತು, ನಿಮಗೂ ಗೊತ್ತು. ಅತ್ತೆಯ ಅಕ್ಕನ ಮೊಮ್ಮಗನಿಗೆ ಹೆಣ್ಣು ನೋಡುತ್ತಿದ್ದಾರೆ. ಈ ವರ್ಷ ಶಾಲೆ ತಪ್ಪಿದರೆ ಮುಂದಿನ ಬೇಸಿಗೆಗೆ ನಮ್ಮ ಸುಂದ್ರಿಯ ತಲೆಗೆ ಅಕ್ಕಿಕಾಳು ಬೀಳುತ್ತವೆ. ಹತ್ತು ತುಂಬಿದೆ ಅವಳಿಗೆ. ನನಗೂ ಹತ್ತು ತುಂಬಿದಾಗಲೇ ಮಠದ ಪಾಠ ಬಿಡಿಸಿದ್ದರು, ಆ ದಿನ ಅತ್ತದ್ದು ಇನ್ನೂ ನೆನಪಿದೆ. ಅವಳನ್ನು ಹಾಗೆ ಅಳಿಸಲು ನನ್ನ ಕೈಯಲ್ಲಾಗದು.

ಅತ್ತೆಯ ಮಾತನ್ನು ನಾನು ನಂಬುತ್ತೇನೆಯೇ ಎಂದು ಕೇಳಿದರೆ ಏನು ಹೇಳಲಿ? ಓದಿದವಳು, ನಂಬಬಾರದು. ಆದರೆ ನೀವು ನಾನೂರು ಮೈಲಿ ದೂರ ಇದ್ದೀರಿ, ಅದೂ ಹೊಟ್ಟೆನೋವು ಎಂದು ಬರೆದಿದ್ದೀರಿ. ಎದುರಿಗೆ ಕೂತು ಚಹಾ ಕುಡಿಯುತ್ತಿದ್ದರೆ ಒಂದು ಸಲ ಅಲ್ಲ, ನೂರು ಸಲ ಕೂಗಿಯೇನು. ಮುಂಜಾನೆಯಿಂದ ಕೂತು ಒಂದು ಉಪಾಯ ಮಾಡಿದ್ದೇನೆ. ಮದುವೆಯಲ್ಲಿ ಒಡಪು ಕಟ್ಟಿ ಹೆಸರು ಹೇಳಿಸಿದ್ದರಲ್ಲ, ಒಡಪಿನಲ್ಲಿ ಹೇಳಿದರೆ ದೋಷವಿಲ್ಲ, ಅತ್ತೆಯೂ ಅದಕ್ಕೆ ಬೇಡ ಅನ್ನುವುದಿಲ್ಲ. ಸಾಹೇಬರ ಮುಂದೆ ಹೇಳಲು ಬೀದರಿನ ಕೋಟೆಯನ್ನೂ ಅವರ ಕಚೇರಿಯನ್ನೂ ಸೇರಿಸಿ ಹೀಗೆ ಕಟ್ಟಿದ್ದೇನೆ: "ಕ್ವಾಟಿಗಿ ಬಾಗಿಲ ಏಳು, ದಫ್ತರಕ ಬಾಗಿಲ ಒಂದು, ಮಗಳ ಸಾಲಿ ಸಲುವಾಗಿ ———ಅವರ ಹೆಸರ ಹೇಳ್ತೇನಿ ಇಂದು." ಬಿಟ್ಟ ಜಾಗದಲ್ಲಿ ಯಾರಿದ್ದಾರೆ ಎಂದು ನಿಮಗೆ ಗೊತ್ತು. ಸುಂದ್ರಿಗೆ ಇದು ಬಹಳ ಹಿಡಿಸಿದೆ, ಅಂಗಳದಲ್ಲಿ ಹಾಡುತ್ತ ಓಡಾಡುತ್ತಿದ್ದಾಳೆ. ಅವಳಿಗೇನು, ಅವಳು ಅಪ್ಪನ ಹೆಸರನ್ನು ಧಾರಾಳವಾಗಿ ಹೇಳಬಹುದು.

ನಿಮ್ಮ ಮೇಲೂ ನನಗೆ ಸಿಟ್ಟಿದೆ, ಅದನ್ನೂ ಬರೆದುಬಿಡುತ್ತೇನೆ. ಹೊರಡುವ ಮೊದಲು ಆ ಶಾಲೆಗೆ ಒಂದು ಸಲ ಹೋಗಿ ಹೆಸರು ಬರೆಸಿ ಹೋಗಿದ್ದರೆ ಇದೆಲ್ಲ ಇರುತ್ತಿತ್ತೇ? "ಹುಡಗಿ ಸಾಲಿ ಬಿಡಬಾರ್ದು ನೋಡು" ಎಂದು ಬಸ್ಸಿನ ಕಿಟಕಿಯಿಂದ ಹೇಳುವುದು ಸುಲಭ. ಬಿಡಿಸದಂತೆ ನೋಡಿಕೊಳ್ಳುವವಳ ಕಾಲು ಸವೆದು ಹೋದವು. ಇರಲಿ, ಬರೆದೆನೆಂದು ಮನಸ್ಸು ಹಗುರಾಯಿತು. ಜೀರಿಗೆ ನೀರು ಮರೆಯಬೇಡಿ. ಸುಂದ್ರಿ ಶರಣು ತಿಳಿಸಿದ್ದಾಳೆ, ಮುದ್ದೆ ನುಂಗುವುದನ್ನು ಬಂದು ತೋರಿಸಬೇಕಂತೆ. ಖೋಲಿಯ ಮಾಲಕರು ಜಿಜಾಬಾಯಿಯವರೂ ನೆನಪು ಹೇಳಿದ್ದಾರೆ. ಬಸವಣ್ಣ ನಿಮ್ಮನ್ನು ಅಲ್ಲಿ ಸುಖವಾಗಿಡಲಿ.

ನಿಮ್ಮ ಸುಂದ್ರಿಯ ಅವ್ವ,
ಗುರಮ್ಮ

ತಾ.ಕ.: ಬುಧವಾರ, ಮಧ್ಯಾಹ್ನ. ಸೋಮವಾರ ಹಾಕಬೇಕಾಗಿದ್ದ ಕಾಗದವನ್ನು ಹಾಕಲಿಲ್ಲ, ಆದದ್ದನ್ನು ತಿಳಿಸಿಯೇ ಹಾಕೋಣ ಎಂದುಕೊಂಡೆ. ಈಗ ಅಂಚೆ ಕಚೇರಿಯ ಕಟ್ಟೆಯ ಮೇಲೆ ಕೂತು ಬರೆಯುತ್ತಿದ್ದೇನೆ, ಅಕ್ಷರ ಓರೆಯಾಗಿದೆ. ಒಡಪು ನಡೆಯಲಿಲ್ಲ. ಕ್ವಾಟಿಗಿ ಬಾಗಿಲ ಎನ್ನುವಷ್ಟರಲ್ಲಿ ಕಾರಕೂನ ಕಿಸಕ್ಕನೆ ನಕ್ಕ, ಸಾಹೇಬರು, "ಹಾಡು ಬ್ಯಾಡ್ರಿ, ಬರೇ ಹೆಸರು," ಎಂದರು. ಮುನ್ಷಿ ನೆಲ ನೋಡುತ್ತ ನಿಂತರು. ಸುಂದ್ರಿ ಬಾಗಿಲಲ್ಲಿದ್ದಳು. ನಾನು ಹೇಳಿದೆ. ಅಮರಪ್ಪ ತಂದೆ ಮನ್ಮಥಪ್ಪ. ಕಾರಕೂನನಿಗೆ ಕೇಳಿಸಲಿಲ್ಲವಂತೆ, ಜೋರಾಗಿ ಇನ್ನೊಮ್ಮೆ ಹೇಳಿಸಿದ, ಬರೆದುಕೊಂಡು ಓದಿ ಮತ್ತೊಮ್ಮೆ ಹೇಳಿಸಿದ. ಮೂರು ಸಲ ಹೇಳಿದೆ. ಸಾಹೇಬರು ದೇವರಾಜುವನ್ನು ಹೊಡೆದುಹಾಕಿ ಸಹಿ ಮಾಡಿದರು, ನಾಳೆಯಿಂದ ಸುಂದ್ರಿ ಐದನೆಯ ಇಯತ್ತೆಗೆ ಹೋಗುತ್ತಾಳೆ. ಹೊರಗೆ ಬಂದ ಮೇಲೆ ಅವಳು ನನ್ನ ಕೈ ಹಿಡಿದು, "ಅವ್ವಾ, ಅಪ್ಪಗ ಏನೂ ಆಗಂಗಿಲ್ಲಲ್ಲ?" ಎಂದಳು. ಏನೂ ಆಗುವುದಿಲ್ಲ ಎಂದು ಗದರಿಸಿದೆ. ಅತ್ತೆಗೆ ಒಡಪಿನಲ್ಲಿಯೇ ಹೇಳಿದಳು ಎಂದು ತಿಳಿಸಲು ಮುನ್ಷಿಗೆ ಹೇಳಿದ್ದೇನೆ, ನೀವೂ ಹಾಗೆಯೇ ಬರೆಯಿರಿ. ಈ ಕಾಗದ ಮುಟ್ಟಿದ ದಿನವೇ ನನಗೊಂದು ಕಾರ್ಡು ಹಾಕಿರಿ. ಬೇರೆಯವರ ಕೈಯಿಂದ ಬರೆಸಬೇಡಿ. ಸುದ್ದಿ ಏನೂ ಇಲ್ಲದಿದ್ದರೂ ನಡೆಯುತ್ತದೆ, ನಿಮ್ಮ ಕೈಯಿಂದ ನಿಮ್ಮ ಹೆಸರೊಂದನ್ನು ಬರೆದು ಹಾಕಿರಿ.